ಹಿಡಿಯಿಲ್ಲದ ತ್ರಿಶೂಲದ ನಾಡಿನಲ್ಲಿ

ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಮಹಡಿಯ ಮೇಲೂ ಒಂದು ಅಡುಗೆಮನೆ ಇದೆ. ಅದರಲ್ಲಿ ಹಳೇ ಪೇಪರು, ಮುರಿದ ಕುರ್ಚಿ ತುಂಬಿವೆ. ಒಲೆ ಹಚ್ಚುವುದು ಮಾತ್ರ ಕೆಳಗೆ, ಅತ್ತೆಯವರು ಹೇಳಿದ ಹಾಗೆ. ಹೊರಡುವ ದಿನವೂ "ಹುರುಳಿಕಾಯಿ ಇಷ್ಟು ದಪ್ಪ ಹೆಚ್ತಾರೇನೇ?" ಅನ್ನಿಸಿಕೊಂಡೇ ಯಜಮಾನರ ಜೊತೆ ಟ್ಯಾಕ್ಸಿ ಹತ್ತಿದೆ.

ಟಿಕೆಟ್ ಕಳಿಸಿದವನು ಬಾರ್ಬಡೋಸ್ ದ್ವೀಪದಲ್ಲಿರುವ ನನ್ನ ಮೈದುನ. ಲಂಡನ್ನಿನಲ್ಲಿ ವಿಮಾನ ಬದಲಿಸಿ, ಮಾಸ್ಕಿನೊಳಗೇ ಬೆವರುತ್ತಾ ಇಳಿದೆವು. ದೇವರ ದಯೆ, ಉಪ್ಪಿನಕಾಯಿ ಸೋರಿರಲಿಲ್ಲ. ಓರಗಿತ್ತಿ ಶೈಲಾಳ ಅಡುಗೆಮನೆಯ ಕಿಟಕಿಯಲ್ಲಿ ಸಮುದ್ರವೇ ಕಾಣುತ್ತಿತ್ತು. ಅವಳು ತನಗೆ ಬೇಕೆನಿಸಿದ್ದು ಬೇಯಿಸುತ್ತಾಳೆ, ಬೇಡವಾದರೆ ಒಲೆಯನ್ನೇ ಹಚ್ಚುವುದಿಲ್ಲ. ನನಗೆ ಹೊಟ್ಟೆ ಉರಿಯಿತು. ಅವಳು ಮಾಡಿದ ದಿವಿಹಲಸಿನ ಹುಳಿಗೆ ಉಪ್ಪು ಕಡಿಮೆ ಎಂದು ಎರಡು ಸಲ ಹೇಳಿದೆ.

ನಾವು ಹೋದ ವಾರವೇ ಆ ದೇಶ ಇಂಗ್ಲೆಂಡಿನ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಆ ಬೆಳಿಗ್ಗೆ ಬೀದಿಯ ತುಂಬ ಬಾವುಟ. ನಡುವೆ ಕಪ್ಪು ತ್ರಿಶೂಲ! ಶಿವನೇ ಎಂದು ಕೈಮುಗಿದೆ. ಆದರೆ ಅದಕ್ಕೆ ಹಿಡಿ ಇರಲಿಲ್ಲ. ಮುರಿದ ಆಯುಧ ಬಾಗಿಲಲ್ಲಿ ಬರೆಯಬಾರದೆಂದು, ಶೈಲಾಳ ಮನೆ ಮುಂದಿನ ರಂಗೋಲಿಯಲ್ಲಿ ಆ ತ್ರಿಶೂಲಕ್ಕೆ ಉದ್ದ ಹಿಡಿ ಸೇರಿಸಿಯೇ ಬರೆದೆ.

ಪಕ್ಕದ ಮನೆಯ ಮುದುಕಿ ಮಾರ್ವಾ ಬಂದು ನೋಡಿ ಏನೋ ಹೇಳಿದಳು. ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಹಿಡಿ ಅವ್ರೇ ಬೇಕಂತ ಮುರಿದಿರೋದಂತೆ. ಹಿಂದೆ ಆ ತ್ರಿಶೂಲ ಇಂಗ್ಲಿಷ್ ದೊರೆಗಳ ಕೈಲಿತ್ತಂತೆ. ಕಷ್ಟಪಟ್ಟು ಮುರಿದದ್ದನ್ನ ಬೆಂಗಳೂರಿಂದ ಬಂದು ಅಂಟಿಸ್ತಿದೀಯಲ್ಲಮ್ಮಾ ಅಂತಿದಾರೆ!"

ಸೆರಗಿನಿಂದ ಹಿಡಿಯನ್ನು ಒರೆಸಿದೆ.

"ರಾಣಿಗೆ ಬೇಜಾರಾಗಲ್ವಂತಾ?" ಎಂದು ಶೈಲಾಳಿಂದ ಕೇಳಿಸಿದೆ.

"ಯಾಕಾಗ್ಬೇಕು? ಅವರ ಮಗನ್ನೇ ಕರೆದು ಮರ್ಯಾದೆ ಮಾಡಿದೀವಲ್ಲಾ ಅಂತಾರೆ."

ಮಾರ್ವಾ ಅಂದು ಹೊಸ ಹಳದಿ ಬಟ್ಟೆ ಉಟ್ಟಿದ್ದಳು. ನಮ್ಮ ದೇಶ ಗಣರಾಜ್ಯವಾದಾಗ ನಾನು ಹುಟ್ಟೇ ಇರಲಿಲ್ಲ. ಇವಳು ಕಣ್ಣಾರೆ ಕಂಡಳಲ್ಲ ಎಂದು ಶೈಲಾಳ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಮುದುಕಿಯ ಮೇಲೆ ತಿರುಗಿತು.

ವಾಪಸು ಬರುವಾಗ ಟ್ಯಾಕ್ಸಿ ರಾಜಾಜಿನಗರ ದಾಟುತ್ತಿತ್ತು. ಯಜಮಾನರು ಫೋನ್ ಇಟ್ಟು, "ರಾತ್ರಿಗೆ ತಿಳಿಸಾರು ಸಾಕಂತೆ, ಅಮ್ಮ ಹೇಳಿದ್ರು" ಎಂದರು.

"ಇವತ್ತಿಗೆ ಆಯ್ತು. ಶುಕ್ರವಾರ ಮೇಲಿನ ಅಡುಗೆಮನೇಲಿ ಹಾಲು ಉಕ್ಕಿಸ್ತೀನಿ. ಆ ಮುರುಕು ಕುರ್ಚಿ ಕೆಳಗಿಳಿಸಿಬಿಡಿ."

ಅವರು ಫೋನನ್ನು ಮತ್ತೆ ಕೈಗೆತ್ತಿಕೊಂಡರು. "ಅಮ್ಮಂಗೆ ಏನಂತ ಹೇಳ್ಲೇ?"

"ಮೊದಲನೇ ಎಲೆ ಅವ್ರಿಗೇ ಅಂತ ಹೇಳಿ. ಹುರುಳಿಕಾಯಿ ಮಾತ್ರ ನಾನು ಹೆಚ್ಚಿದಷ್ಟೇ ದಪ್ಪ ಇರತ್ತೆ."