ಕೈಕಟ್ಟಿ ಕೂರಿಸಿದ ವಿಲ್ಮಾ

ನಮ್ಮ ಕಾರ್ಕಳದ ಗ್ರಾನೈಟ್ ಕಾರ್ಖಾನೆಯಲ್ಲಿ ಗದ್ದಲ ಮಾಡದೆ ಕೆಲಸ ಮಾಡುವುದು ವಿಲ್ಮಾ ಒಬ್ಬರೇ. ಸಂತೆಕಟ್ಟೆಯವರು. ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರ ಓದಿ, ಬಹರೈನಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಬಹಳ ಕಾಲ ಗುಣಮಟ್ಟ ನೋಡಿಕೊಂಡು ಊರಿಗೆ ಮರಳಿದವರು. ಈಗ ಇಲ್ಲಿಯೂ ಅದೇ ಕೆಲಸಕ್ಕೆ ಉಡುಪಿಯಿಂದ ದಿನಾ ಬಸ್ಸು ಹಿಡಿದು ಬರುತ್ತಾರೆ. ಇಲ್ಲಿ ಲೋಡ್ ಕಳಿಸುವವನು ನಾನು. ವಾಪಸ್ ಬಂದ ಮಾಲಿನ ಬೈಗುಳವೆಲ್ಲ ಮೊದಲು ನನ್ನ ಕಿವಿಗೇ ಬೀಳುವುದರಿಂದ, ಗುಣಮಟ್ಟದ ಬಗ್ಗೆ ಮಾತಾಡುವ ಹಕ್ಕು ನನಗೂ ಉಂಟು.

ಹೋದ ವರ್ಷ ಕಾಪುವಿನಿಂದ ಒಂದು ಲಾರಿ ಟೈಲ್ಸ್ ವಾಪಸ್ ಬಂತು. ಒಂದು ದಪ್ಪ, ಪಕ್ಕದ್ದು ತೆಳು. ಹಾಸಿದರೆ ಕಾಲು ಎಡವುತ್ತದೆ. ದಪ್ಪ ಸರಿಮಾಡುವ ಯಂತ್ರದ ಮುಂದೆ ನಿಲ್ಲುವವನು ಬಾಗಲಕೋಟೆ ಕಡೆಯ ಭೀಮೇಶ. ಯಂತ್ರವೇ ಸರಿಯಿಲ್ಲ ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಧಣಿ ಎಡ್ಮಂಡ್. ಇನ್ನೊಂದು ಲೋಡ್ ವಾಪಸ್ ಬಂದರೆ ಅವನನ್ನು ಕಳಿಸಿಬಿಡುವುದೆಂದು ತೀರ್ಮಾನಿಸಿದರು. ಕೆಲಸ ಹೋದರೆ ಕಾರ್ಖಾನೆಯ ಹಿಂದಿನ ಕೋಣೆಯೂ ಹೋಗುತ್ತದೆ. ಹೆಂಡತಿ ಭಾಗವ್ವ ತುಂಬು ಗರ್ಭಿಣಿ.

ವಿಲ್ಮಾ ಮಾತ್ರ ಹೋಗಿ ಭೀಮೇಶನ ಪಕ್ಕ ನಿಂತು ನೋಡಿದರು. ಅವನು ಪ್ರತಿ ಟೈಲನ್ನೂ ಅಳೆಯುತ್ತಿದ್ದ. ಕೂದಲೆಳೆಯಷ್ಟು ದಪ್ಪ ಬಂದರೆ ಯಂತ್ರದ ಹಿಡಿ ಇಳಿಸುತ್ತಿದ್ದ, ತೆಳು ಬಂದರೆ ಏರಿಸುತ್ತಿದ್ದ. ಅವನಷ್ಟು ನಿಯತ್ತಿನ ಆಳು ಇನ್ನೊಬ್ಬನಿಲ್ಲ. ತೊಂದರೆ ಅದೇ ಆಗಿತ್ತು. ಅತಿಯಾದರೆ ಅಮೃತವೂ ವಿಷ.

"ನಾಳೆ ಅಳೆದು ನನಗೆ ಹೇಳು, ಸಾಕು. ಹಿಡಿ ಮುಟ್ಟಬೇಡ," ಎಂದರು.

"ಕೈ ಕಟ್ಕೊಂಡು ಕುಂತ್ರ ಕೆಲಸ ಹೆಂಗ ಆಕ್ಕೈತ್ರಿ ಮೇಡಂ?"

"ಯಂತ್ರ ಅಂದ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಉಂಟೇ ಉಂಟು. ನೀನು ಅದರ ಹಿಂದೆ ಓಡಿದರೆ ಅದು ಇನ್ನೂ ಹೆಚ್ಚಾಗ್ತದೆ. ಒಂದು ದಪ್ಪ ಬಂತೆಂದು ಹಿಡಿ ಇಳಿಸಿದರೆ, ತಾನಾಗಿಯೇ ಸರಿ ಬರಬೇಕಾದ ಮುಂದಿನದ್ದು ತೆಳುವಾಗ್ತದೆ."

ಮರುದಿನ ಬೆಳಿಗ್ಗೆ ಬಂದ ಅಳತೆಗಳಿಂದ ವಿಲ್ಮಾ ಲೆಕ್ಕ ಹಾಕಿ, ಗೋಡೆಯ ಹಾಳೆಯ ಮೇಲೆ ನಡುಗೆರೆ ಎಳೆದರು. ಮೇಲೊಂದು ಕೆಳಗೊಂದು ಗಡಿಗೆರೆ. ಟೈಲಿಗೊಂದು ಚುಕ್ಕಿ. ಗಡಿಯೊಳಗೆ ಆಡಿದರೆ ಆಡಲಿ, ದಾಟಿದರೆ ಮಾತ್ರ ನಿಲ್ಲಿಸಿ ಕಾರಣ ಹುಡುಕುವುದು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಟೆಲಿಫೋನ್ ತಯಾರಿಸುವವರ ನಡುವೆ ಹುಟ್ಟಿ, ಯುದ್ಧದಲ್ಲಿ ಸೋತ ಜಪಾನಿನಲ್ಲಿ ಬೆಳೆದ ವಿದ್ಯೆಯಂತೆ. ನಮ್ಮಲ್ಲಿಗೆ ಬರಲು ಇಷ್ಟು ತಡವಾಯಿತು. ನಮ್ಮ ಬಸ್ಸುಗಳೇ ವಾಸಿ.

ಭೀಮೇಶ ಸ್ಟೂಲಿನ ಮೇಲೆ ಬೆವರುತ್ತಾ ಕುಳಿತ. ಚುಕ್ಕಿಗಳು ಮಾತ್ರ ನಡುಗೆರೆಯ ಅಕ್ಕಪಕ್ಕದಲ್ಲೇ ಬೀಳತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಅವನ ಮುಖಕ್ಕೆ ಕಳೆ ಬಂತು.

ಆಗಲೇ ಎಡ್ಮಂಡ್ ಒಳಗೆ ಬಂದರು. ಬಂದ ಟೈಲನ್ನು ಅಳೆದು ನೋಡಿದರು.

"ಎಂತ ಇದು, ದಪ್ಪ ಬಂದದ್ದು ಕಾಣುವುದಿಲ್ವಾ? ಕೂತು ನೋಡ್ಲಿಕ್ಕೆ ಸಂಬಳವಾ?" ಎನ್ನುತ್ತಾ ತಾವೇ ಹಿಡಿಗೆ ಕೈ ಹಾಕಿದರು.

ಭೀಮೇಶ ಎದ್ದು, ಹಿಡಿಯ ಮೇಲೆ ತನ್ನ ಅಂಗೈ ಒತ್ತಿ ಹಿಡಿದ.

"ಮುಟ್ಟಬ್ಯಾಡ್ರಿ ಸಾವ್ಕಾರ್ರ. ಚುಕ್ಕಿ ಇನ್ನೂ ಗೆರಿ ದಾಟಿಲ್ಲ."

ವಿಲ್ಮಾ ನಿಂತಲ್ಲಿಂದ ಕದಲಲಿಲ್ಲ. ಮುಂದಿನ ಟೈಲ್ ಬಂತು, ಎಡ್ಮಂಡ್ ಅಳೆದರು: ಸರಿ ಇತ್ತು. ಅದರ ಮುಂದಿನದ್ದೂ ಸರಿ ಇತ್ತು. ಒಂದು ಅಟ್ಟಿ ಮುಗಿಯುವವರೆಗೆ ಅಳೆದೇ ಅಳೆದರು.

"ಇದನ್ನು ಕಾಪುವಿಗೆ ಕಳಿಸು," ಎಂದು ನನಗೆ ಹೇಳಿ, ಭೀಮೇಶನತ್ತ ತಿರುಗಿದರು. "ಇನ್ನು ಮುಂದೆ ಈ ಹಿಡಿಗೆ ಯಾರ ಕೈಯನ್ನೂ ತಾಗಲು ಬಿಡಬೇಡ. ನನ್ನದನ್ನೂ."

ಭೀಮೇಶ ಭಾಗವ್ವನಿಗೆ ಹೇಳಲು ಕೋಣೆಯತ್ತ ಓಡಿದ.