ನೊಟ್‌ಬುರ್ಗಾಳ ಹೋಲರ್ ಬೇಲಿ

ನಮ್ಮ ಸ್ಟೈರಿಯಾ ಸೀಮೆಯಲ್ಲಿ ಹೋಲರ್ ಎಂಬ ಕಪ್ಪು ಹಣ್ಣಿನ ಗಿಡದಿಂದ ಏನು ಕೊಯ್ಯಬೇಕಾದರೂ ಟೋಪಿ ತೆಗೆದು ಆ ಗಿಡದ ಅಪ್ಪಣೆ ಕೇಳಬೇಕು. ಚರ್ಚಿನ ಗೋಡೆಯುದ್ದಕ್ಕೂ ಇರುವ ಹೋಲರ್ ಬೇಲಿಯನ್ನು ಬೆಳೆಸಿದವಳು ನನ್ನ ನೆರೆಯ ನೊಟ್‌ಬುರ್ಗಾ. ಮದುವೆಯಾಗಿ ಬಂದ ವರ್ಷ, ಫೆಬ್ರವರಿಯಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಒದ್ದೆ ಮಣ್ಣಿಗೆ ಚುಚ್ಚಿ, ಮೂರು ಬೇಸಿಗೆ ನೀರು ಹೊತ್ತಿದ್ದಳು. ಸುಗ್ಗಿ ಹಬ್ಬದಂದು ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿದ ಮೇಲೆ ಅದೇ ಕಪ್ಪು ಹಣ್ಣಿನ ಸಿಹಿಗೊಜ್ಜನ್ನು ಊರಿಗೆಲ್ಲ ಬಡಿಸುತ್ತಿದ್ದಳು. ನಲವತ್ತು ವರ್ಷ ಹಾಗೇ ನಡೆಯಿತು.

ಹೋದ ವರ್ಷ ಮಾತ್ರ ಅದನ್ನು ತಿಂದ ಹನ್ನೊಂದು ಜನ ವಾಂತಿ ಮಾಡಿಕೊಂಡರು. ಬೇಲಿಯೇ ವಿಷ ಎಂದಿತು ಊರು. ಈ ಸೆಪ್ಟೆಂಬರಿನಲ್ಲಿ ಚರ್ಚು ಸಮಿತಿಯ ಮುಖ್ಯಸ್ಥ ಹಾರ್ಟ್‌ವಿಗ್ ಅದನ್ನು ಕಿತ್ತುಹಾಕಲು ಯಂತ್ರವನ್ನೇ ತರಿಸಿದ.

ನೊಟ್‌ಬುರ್ಗಾ ಅಳಲಿಲ್ಲ. ಜಪಮಾಲೆ ಹಿಡಿದು ಬೇಲಿಯ ಮುಂದೆ ನಿಂತಳು. ಗಂಟೆ ಬಾರಿಸುವ ಕೊರ್ಬಿನಿಯನ್ ಬಂದ. ಬೇಲಿಗೆ ಕೊನೆಯ ನಮಸ್ಕಾರವೆಂದು ಟೋಪಿ ತೆಗೆದ. ಅವನ ಬೋಳು ತಲೆ ಕಂಡದ್ದೇ ಅವಳು ತಿರುಗಿದಳು.

"ಹೋದ ವರ್ಷ ಹಣ್ಣು ಕಮ್ಮಿ ಬಿತ್ತು ಅಂತ ನೀನೊಂದು ಬಕೆಟ್ ಬಿಡಿಸ್ಕೊಂಡು ತಂದ್ಯಲ್ಲ, ಆವತ್ತು ನಿನ್ನ ತಲೆ ಬಿಸಿಲಿಗೆ ಕೆಂಪಾಗಿತ್ತು. ಟೋಪಿ ಎಲ್ಲಿತ್ತೋ?"

"ಮನೇಲಿ ಮರೆತಿದ್ದೆ ಕಣೆ."

"ಮತ್ತೆ ಅಪ್ಪಣೆ ಹೇಗೆ ಕೇಳ್ದೆ?"

"ಕೇಳ್ಲಿಲ್ಲ. ಅದಕ್ಕೇ ನಿನ್ನ ಬೇಲಿ ಮುಟ್ಲಿಲ್ಲ. ಕಾಲುವೆ ಪಕ್ಕ ಪುಟ್ಟ ಹೋಲರ್ ಇತ್ತಲ್ಲ, ಹುಲ್ಲಿನ ಥರ ಕುಡುಗೋಲಿಗೇ ಬಂತು. ಹುಲ್ಲಿಗೂ ಟೋಪಿ ತೆಗೀಬೇಕಾ?"

"ಅಯ್ಯೋ ನನ್ನ ಬೋಳು ಮಹಾರಾಯ! ನಡಿ, ತೋರಿಸು."

ಯಂತ್ರ ನಿಂತಿತು. ಊರೇ ಕಾಲುವೆಯತ್ತ ಹೊರಟಿತು. ಅಲ್ಲಿ ಎದೆಯೆತ್ತರದ ಗಿಡಗಳು ಒತ್ತಾಗಿ ನಿಂತಿದ್ದವು. ನೊಟ್‌ಬುರ್ಗಾ ಒಂದು ಎಲೆ ಹಿಸುಕಿ ಹಾರ್ಟ್‌ವಿಗ್‌ನ ಮೂಗಿಗೆ ಹಿಡಿದಳು.

"ಥೂ! ಇಲಿ ಸತ್ತ ಹಾಗಿದೆ!"

"ನೆಗಡಿಯಾಗಿತ್ತು, ನನಗೆ ಆವತ್ತು ವಾಸನೆ ಗೊತ್ತಾಗ್ಲಿಲ್ಲ. ಗೊಂಚಲು ನೋಡದೆ ಬಿಡಿಹಣ್ಣು ಇಸ್ಕೊಂಡಿದ್ದು ನನ್ನದೇ ತಪ್ಪು. ಈಗ ನೋಡು. ಇದು ನಮ್ಮ ಹೋಲರ್ ಥರ ಕಾಣೋ ಬೇರೆ ಗಿಡ. ಇದಕ್ಕೆ ತೊಗಟೆ ಇಲ್ಲ, ಚಳಿಗಾಲಕ್ಕೆ ಬುಡದವರೆಗೂ ಸಾಯುತ್ತೆ. ಹಣ್ಣಾದ್ರೂ ಗೊಂಚಲು ಆಕಾಶ ನೋಡ್ತಿರುತ್ತೆ. ನನ್ನ ಗಿಡದ್ದು ಹಣ್ಣಾದ ಮೇಲೆ ತಲೆ ತಗ್ಗಿಸುತ್ತೆ. ಇದನ್ನ ಬೇಯಿಸಿದ್ರೂ ತಿನ್ನಬಾರದು."

"ಹಾಗಾದ್ರೆ ನಿನ್ನ ಹಣ್ಣನ್ನ ಈಗ್ಲೇ ಬಾಯಿಗೆ ಹಾಕ್ಕೋ ದೊಡ್ಡಮ್ಮ, ನೋಡೋಣ," ಎಂದ ಹಾರ್ಟ್‌ವಿಗ್.

"ಹಸೀದು ತಿಂದ್ರೆ ಅದೂ ಹೊಟ್ಟೆ ಕೆಡಿಸುತ್ತೆ ಕಣಪ್ಪ. ಒಂದು ಗಂಟೆ ತಾಳು."

ಚರ್ಚಿನ ಅಂಗಳದಲ್ಲೇ ಒಲೆ ಹೂಡಿದಳು. ತೊಟ್ಟು, ಎಲೆ, ಹಸಿರು ಕಾಯಿ ಒಂದೂ ಉಳಿಯದಂತೆ ನಾನೂ ಕೂತು ಹಣ್ಣು ಬಿಡಿಸಿಕೊಟ್ಟೆ. ಪ್ಲಮ್, ಸಕ್ಕರೆ, ದಾಲ್ಚಿನ್ನಿ ಹಾಕಿ ಗೊಜ್ಜನ್ನು ಕೊತಕೊತ ಕುದಿಸಿದಳು. ಶಿಲುಬೆಯ ಗುರುತು ಮಾಡಿಕೊಂಡು ಮೊದಲ ಬಟ್ಟಲು ತಾನೇ ತಿಂದಳು. ಹಾರ್ಟ್‌ವಿಗ್ ಒಂದು ಚಮಚ ರುಚಿ ನೋಡಿದ, ಆಮೇಲೆ ಒಂದು ಬಟ್ಟಲು, ಆಮೇಲೆ ಇನ್ನೊಂದು. ಹೋದ ವರ್ಷ ವಾಂತಿ ಮಾಡಿಕೊಂಡವರೂ ಬಟ್ಟಲು ಹಿಡಿದು ಬಂದರು.

ಮರುದಿನ ಎಲ್ಲರೂ ಗಟ್ಟಿಮುಟ್ಟಾಗಿ ಬಲಿಪೂಜೆಗೆ ಬಂದರು. ಯಂತ್ರ ಹೊರಟುಹೋಗಿತ್ತು. ಹಾರ್ಟ್‌ವಿಗ್ ತಲೆ ಕೆರೆಯುತ್ತಾ ಬೇಲಿಯ ಬಳಿ ನಿಂತಿದ್ದ.

"ದೊಡ್ಡಮ್ಮ, ನಮ್ಮ ಹಿತ್ತಲಿಗೂ ಒಂದು ಕಡ್ಡಿ ಕೊಡ್ತೀಯಾ?"

ನೊಟ್‌ಬುರ್ಗಾ ಟೋಪಿಯಿಲ್ಲದ ಅವನ ಬರಿ ತಲೆ ನೋಡಿ ನಕ್ಕಳು.

"ಫೆಬ್ರವರಿಗೆ ಬಾ. ಈಗ ಮೊದ್ಲು ಮನೆಗೆ ಹೋಗಿ ಟೋಪಿ ತಗೊಂಡು ಬಂದು, ತೆಗೆದು, ನನ್ನ ಬೇಲೀನ ಕ್ಷಮೆ ಕೇಳು."

ಹಾರ್ಟ್‌ವಿಗ್ ಓಡಿಯೇ ಹೋದ.