ಗೆಲ್ಲೋ ಹೊತ್ತಿಗೆ ಎದ್ದು ಹೋಗುವವಳು

ನಮ್ಮಕ್ಕನಿಗೆ ಫುಟ್‌ಬಾಲ್ ಹುಚ್ಚು ಅಂದರೆ ಹುಚ್ಚಿಗೇ ಅವಮಾನ. ಹುಚ್ಚಿಗಾದರೂ ಮಾತ್ರೆ ಇದೆ. ಇವಳಿಗೆ ಬುದ್ಧಿ ಬಂದಾಗಿನಿಂದ ಒಂದೇ ಕ್ಲಬ್ಬು, ಒಂದೇ ಮೈದಾನ, ಸಿಮೆಂಟು ಮೆಟ್ಟಿಲ ಮೇಲೆ ಕಂಬದ ಪಕ್ಕದಲ್ಲಿ ಒಂದೇ ಜಾಗ. ಆ ಜಾಗದ ಪಕ್ಕ ನಾನು. ನಿನಗೆ ಇಷ್ಟ ಇದೆಯೇನಪ್ಪಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನು ತಮ್ಮ. "ಇವನನ್ನೂ ಎಳ್ಕೊಂಡ್ ಹೋಗೇ, ಮನೇಲಿದ್ರೆ ಕಾಟ ಕೊಡ್ತಾನೆ" ಅಂತ ಅಮ್ಮ ಒಂದು ದಿನ ಅಂದಳು, ಅಷ್ಟೇ. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ನನ್ನ ತಲೆ ನರೆಯಿತು. ಇವಳು ಎಳೆದುಕೊಂಡು ಹೋಗುವುದು ಮಾತ್ರ ನಿಂತಿಲ್ಲ.

ನಾವಿಬ್ಬರೂ ಸೇರಿ ಫೋಟೋಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತೇವೆ. ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸುವುದು ನಾನು, ಗಾಜು ಕೊಯ್ಯುವುದು ಅಕ್ಕ. ಗಾಜಿನ ಮೇಲೆ ಗೆರೆ ಎಳೆದು, ಮೇಜಿನ ಅಂಚಿಗೆ ಸರಿಸಿ, ಟಕ್ಕೆಂದು ಮುರಿಯುವಾಗ ಅವಳ ಕೈ ನೋಡಬೇಕು, ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆದರೆ ಕ್ಲಬ್ಬು ಸೋತ ಮರುದಿನ ದೊಡ್ಡ ಗಾಜಿನ ಹತ್ತಿರ ನಾನು ಅವಳನ್ನು ಬಿಡುವುದಿಲ್ಲ. ನಮ್ಮ ಕ್ಲಬ್ಬಿನ ಯೋಗ್ಯತೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ವರ್ಷದ ಅರ್ಧ ದಿನಗಳಲ್ಲಿ ನಮ್ಮ ಅಂಗಡಿಯಲ್ಲಿ ಸಣ್ಣ ಫೋಟೋಗಳಿಗೆ ಮಾತ್ರ ಕಟ್ಟು ಬೀಳುತ್ತದೆ.

ಹೊಸ ಗಿರಾಕಿಗಳು ಗೋಡೆ ತುಂಬ ನೇತುಹಾಕಿರುವ ತಂಡದ ಫೋಟೋಗಳನ್ನು ನೋಡಿ, ಸುಮ್ಮನಿರಲಾರದೆ, "ಈ ಸಲ ಹೇಗಮ್ಮಾ ನಿಮ್ಮ ಕ್ಲಬ್ಬು?" ಅಂತ ಕೇಳಿಬಿಡುತ್ತಾರೆ. ಮುಗೀತು ಅವರ ಕಥೆ. ಅಜ್ಜನ ಫೋಟೋ ಕೊಟ್ಟು ಹೋಗಲು ಬಂದವರು ಚಹಾ ತರಿಸಿಕೊಂಡು ಕೂರಬೇಕಾಗುತ್ತದೆ.

"ಬಣ್ಣದ ಕಾರ್ಖಾನೆಯೋರು ಕಟ್ಟಿದ ಕ್ಲಬ್ಬು ಕಣ್ರೀ ಇದು. ಮಿಕ್ಕಿದ ಬಣ್ಣದಲ್ಲಿ ಅದ್ದಿ ತೆಗೆದ ಅಂಗಿ. ಕೆಂಪೂ ಅಲ್ಲ, ಕಂದೂ ಅಲ್ಲ, ಆದ್ರೂ ಅದಕ್ಕೊಂದು ಮಾನ ಇತ್ತು. ಆಮೇಲೆ ಬಂದ್ನಲ್ಲ ಒಬ್ಬ ಅಧ್ಯಕ್ಷ, ಸಿಮೆಂಟ್ ವ್ಯಾಪಾರಿ! ಅಂಗಿ ಬದಲಾಯಿಸ್ದ, ಹುಲ್ಲು ಬದಲಾಯಿಸ್ದ, ಚಿನ್ನದಂಥ ಎಡಗಾಲಿನ ಹುಡುಗನ್ನ ತಗೊಂಡ್ಹೋಗಿ ಹೊಳೆಯಾಚೆಯೋರಿಗೆ ಮಾರ್ದ. ಗೋಲ್‌ಕೀಪರ್‌ನ ಮಾತ್ರ ಬದಲಾಯಿಸ್ಲಿಲ್ಲ. ಬದಲಾಯಿಸ್ಬೇಕಾಗಿದ್ದಿದ್ದೇ ಅವನ್ನ!"

ಹೊಳೆಯಾಚೆಯವರು ಅಂದರೆ ನಮ್ಮ ಎದುರಾಳಿ ಕ್ಲಬ್ಬು. ಅವರ ಅಭಿಮಾನಿ ಯಾರಾದರೂ ಅವರು ಗೆದ್ದ ಕಪ್ಪಿನ ಫೋಟೋ ತಂದರೆ ಅಕ್ಕ ಇಲ್ಲ ಅನ್ನುವುದಿಲ್ಲ. "ಇದಕ್ಕೆ ಈ ಬಣ್ಣಾನೇ ಒಪ್ಪುತ್ತೆ" ಅಂತ ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿರುವ ಹಳದಿ ಪಟ್ಟಿಯನ್ನು ಅದಕ್ಕೆ ಅಂಟಿಸಿ ಕಳಿಸುತ್ತಾಳೆ. ಮಾರಿದ್ದೂ ಆಯಿತು, ಸೇಡು ತೀರಿದ್ದೂ ಆಯಿತು.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಅಕ್ಕನಿಗೆ ಇನ್ನೊಂದು ರೋಗ ಇದೆ. ನಮ್ಮವರು ಒಂದು ಗೋಲು ಮುಂದಿದ್ದಾರೆ ಅಂದುಕೊಳ್ಳಿ, ಆಟ ಮುಗಿಯಲು ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಇವಳು ಚೀಲ ಹೆಗಲಿಗೇರಿಸಿ ಎದ್ದುಬಿಡುತ್ತಾಳೆ. "ನಡಿ ನಡಿ, ನಾನು ನೋಡ್ತಾ ಕೂತ್ರೆ ಹಾಕಿಸ್ಕೊಳ್ತಾರೆ, ನನ್ ಎದೆ ತಡ್ಕೊಳಲ್ಲ." ಹಿಂದಿನವರು "ಕೂತ್ಕೊಳಮ್ಮಾ" ಅಂತ ಬೈಯುತ್ತಾರೆ, ನಾನು ಕಾಲುಗಳ ಮಧ್ಯೆ ತಡವರಿಸಿಕೊಂಡು ಅವಳ ಹಿಂದೆ ಇಳಿಯುತ್ತೇನೆ. ಅದೇ ನಮ್ಮವರು ಸೋಲುತ್ತಿದ್ದರೆ? ಆಗ ಜಪ್ಪಯ್ಯ ಅಂದರೂ ಏಳುವುದಿಲ್ಲ. ಕೊನೆಯ ಸೀಟಿ ಊದಿ, ಆಟಗಾರರೆಲ್ಲ ಒಳಗೆ ಹೋಗಿ, ಕಾವಲಿನವನು ಬೀಗ ಅಲ್ಲಾಡಿಸುವವರೆಗೂ ನಿಂತು ಒಬ್ಬೊಬ್ಬರಿಗೂ ಮಂಗಳಾರತಿ ಮಾಡುತ್ತಾಳೆ.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಇಷ್ಟು ವರ್ಷಗಳಲ್ಲಿ ನಮ್ಮಕ್ಕ ಪ್ರತಿ ಸೋಲನ್ನೂ ಕೊನೆಯವರೆಗೆ ನೋಡಿದ್ದಾಳೆ, ಒಂದೇ ಒಂದು ಗೆಲುವನ್ನೂ ಪೂರ್ತಿ ನೋಡಿಲ್ಲ. ಅವಳ ಬಾಯಲ್ಲಿ ಕ್ಲಬ್ಬಿನ ಚರಿತ್ರೆ ಬರೀ ಗೋಳಿನ ಕಥೆಯಾಗದೆ ಇನ್ನೇನಾಗುತ್ತದೆ? ನಾನಾದರೂ ಗೆಲುವು ಕಾಣುತ್ತಿದ್ದೆನೇನೋ, ಇವಳ ಹಿಂದೆ ಎದ್ದು ಬರದೇ ಇದ್ದಿದ್ದರೆ. ಥೂ, ನನ್ನ ಹಣೆಬರಹ.

ಕಪ್ಪು ಗೆದ್ದ ವರ್ಷದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಒಂದು ಗೋಲು ಮುಂದಿದ್ದೆವು, ಎದ್ದು ಬಂದೆವು. ಬಸ್ಸು ಹತ್ತಿ ಕೂತಿದ್ದೇವೆ, ಮೈದಾನದ ಕಡೆಯಿಂದ ಆಕಾಶ ಬಿರಿಯುವಂಥ ಕೂಗು. "ಹಾಕಿದ್ರು ನೋಡು, ಹೊಳೆಯಾಚೆಯೋರು ಹಾಕಿದ್ರು" ಅಂತ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಳಲು ಶುರು ಮಾಡಿದಳು. ಪಕ್ಕದ ಸೀಟಿನವರು ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ನನಗೆ ಸಮಾಧಾನ ಹೇಳಿದರು. ಬೀದಿಗೆ ಬಂದರೆ ಅಕ್ಕಪಕ್ಕದವರೆಲ್ಲ ತಟ್ಟೆ ಬಡಿದುಕೊಂಡು ಕುಣಿಯುತ್ತಿದ್ದಾರೆ. ಆ ಕೂಗು ನಮ್ಮವರ ಎರಡನೇ ಗೋಲಿನದು. "ಹೌದಾ?" ಅಂದಳು ಅಕ್ಕ ಮೂಗು ಒರೆಸಿಕೊಂಡು. ಅಷ್ಟೇ. ಜನ್ಮಕ್ಕೊಮ್ಮೆ ಬಂದ ಕಪ್ಪಿಗೆ ಇವಳು ಕೊಟ್ಟ ಮರ್ಯಾದೆ "ಹೌದಾ".

ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಆಟದಲ್ಲಿ ಕೊನೇ ಗಳಿಗೆಯಲ್ಲಿ ನಮ್ಮವರ ಮೇಲೆ ಎರಡು ಗೋಲು ಬಿದ್ದು, ಅಪ್ಪ ಅತ್ತಿದ್ದು ಕಂಡು ಹೀಗಾಯಿತು ಅಂತ ಅವಳು ಹೇಳುತ್ತಾಳೆ. ನಾನು ಪೂರ್ತಿ ನಂಬುವುದಿಲ್ಲ. ಇವಳು ಸಿನಿಮಾದಿಂದಲೂ ನಾಯಕ ನಾಯಕಿ ಒಂದಾಗುವ ಮೊದಲೇ ಎದ್ದು ಬರುತ್ತಾಳೆ.

ಹೀಗಿರುವಾಗ ಕ್ಲಬ್ಬಿನವರು ಹೆಂಗಸರ ತಂಡ ಕಟ್ಟಿದರು, ಅಕ್ಕನ ಮಗಳು ಅದಕ್ಕೆ ಸೇರಿದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಬೆಳೆದರೂ ನಮಗೆಲ್ಲ ಅವಳು ಪುಟ್ಟಿ. ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುವ ಡಿಫೆಂಡರ್. ಮಗಳು ಆಡುವಾಗಲಾದರೂ ಇವಳು ನೆಟ್ಟಗಾಗುತ್ತಾಳೆ ಅಂತ ನಾನು ಅಂದುಕೊಂಡೆ. ನನಗೆ ಬುದ್ಧಿ ಬರುವುದು ಯಾವಾಗಲೋ! ಮಗಳ ತಂಡ ಮುಂದಿದ್ದರೆ ಇನ್ನೂ ಬೇಗ ಎದ್ದು ಬರತೊಡಗಿದಳು. ಸೋತರೆ ಬೇಲಿಯ ತನಕ ಇಳಿದು, "ಕಾಲು ಮನೇಲಿ ಬಿಟ್ ಬಂದಿದ್ಯೇನೇ?" ಅಂತ ಹೆತ್ತ ಮಗಳನ್ನೇ ಕೂಗಿ ಬೈಯುತ್ತಿದ್ದಳು.

ಈ ವರ್ಷ ಪುಟ್ಟಿಯ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಇನ್ನು ಆಟ ಸಾಕು ಅಂದರು. ಕೊನೆಯದಾಗಿ ಒಂದೇ ಒಂದು ಆಟಕ್ಕೆ ಅವರನ್ನು ಒಪ್ಪಿಸಿ ಅವಳು ಅಂಗಡಿಗೆ ಬಂದಳು. ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ಸ್ಟೂಲಿನ ಮೇಲೆ ಕಾಲು ಚಾಚಿ ಕೂತಳು. ಅಕ್ಕ ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಳು.

"ಅಮ್ಮಾ, ಭಾನುವಾರ ನೀನು ಕೊನೇವರೆಗೂ ಕೂತಿರ್ಬೇಕು."

"ಬರ್ತೀನಲ್ಲೇ, ಯಾವತ್ತು ತಪ್ಪಿಸ್ಕೊಂಡಿದೀನಿ?"

"ಬರೋದಲ್ಲ. ಕೂತಿರೋದು."

"ನಾನು ಕೂತ್ರೆ ಸೋಲ್ತೀರ ಕಣೇ. ನಿನ್ ಒಳ್ಳೇದಕ್ಕೇ ಹೇಳೋದು."

ಪುಟ್ಟಿ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು, ಅಕ್ಕನಿಗೆ ಜಗಳ ಆಡಲು ಬರುತ್ತದೆ. "ಗೆದ್ದಾಗ ಎಲ್ರ ಅಮ್ಮಂದ್ರೂ ಕೆಳಗೆ ಇಳಿದು ಬರ್ತಾರೆ. ನಾನು ತಿರುಗಿ ನೋಡಿದ್ರೆ ಕಂಬದ ಪಕ್ಕ ಯಾರೂ ಇರಲ್ಲ. ಬೂಟ್ ಬಿಚ್ಕೊಂಡು ಒಬ್ಳೇ ಕೂತಿರ್ತೀನಿ. ಸೋತ ದಿನ ಮಾತ್ರ ನೀನಿರ್ತೀಯ, ಬೈಯೋಕೆ. ನಾನು ಗೆದ್ದಿದ್ದನ್ನ ನೀನು ಒಂದ್ಸಲಾನೂ ನೋಡಿಲ್ಲ. ಇನ್ಮೇಲೆ ನೋಡೋಕೆ ಇರೋದೂ ಇಲ್ಲ."

ಗಾಜು ಗೆರೆ ಬಿಟ್ಟು ಅಡ್ಡಡ್ಡ ಸೀಳಿತು. ಹಿಂದಿನ ದಿನ ಕ್ಲಬ್ಬು ಸೋತಿರಲಿಲ್ಲ.

"ನೋಡೋಣ" ಅಂದಳು ಅಕ್ಕ, ಚೂರುಗಳನ್ನು ಆರಿಸುತ್ತಾ.

ಅಕ್ಕನ "ನೋಡೋಣ" ಅಂದರೆ ಆಗುವುದಿಲ್ಲ ಅಂತ ಅರ್ಥ. ಪುಟ್ಟಿಗೂ ಅದು ಗೊತ್ತು. "ಬರ್ತೀನಿ ಮಾವ" ಅಂತ ನನಗೆ ಮಾತ್ರ ಹೇಳಿ, ಕುಂಟುತ್ತಾ ಹೋದಳು. ನನಗೆ ಸಿಟ್ಟು ಬಂತು.

ಭಾನುವಾರದ ಎದುರಾಳಿಗಳು ಯಾರು ಅಂತೀರಿ? ಹೊಳೆಯಾಚೆಯವರೇ. ಅರ್ಧ ಆಟ ಆದಮೇಲೆ ನಮ್ಮ ಹುಡುಗಿಯರು ಒಂದು ಗೋಲು ಹೊಡೆದರು. ಅಕ್ಕ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅದರ ಪಟ್ಟಿ ಹೆಗಲಿಗೆ ಹೋಯಿತು. ಆಮೇಲೆ, ನಾನು ನೋಡುತ್ತಿರುವ ಹಾಗೆಯೇ, ಎದ್ದು ನಿಂತಳು.

"ನಡಿಯೋ."

"ನಾನು ಬರಲ್ಲ."

ಅವಳಿಗೆ ಅರ್ಥವೇ ಆಗಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

"ಬರಲ್ಲ ಅಂದೆ. ನೀನು ಹೋಗು. ನಿನ್ನ ಎದೆಯೊಂದೇ ಎದೆ, ಮಿಕ್ಕೋರದ್ದೆಲ್ಲ ಕಲ್ಲು. ಆ ಹುಡುಗಿ ತಿರುಗಿ ನೋಡೋವಾಗ ಇಲ್ಲಿ ಒಬ್ರಾದ್ರೂ ಇರ್ಲಿ. ಅಮ್ಮ ಇಲ್ದಿದ್ರೆ ಮಾವ ಇರ್ತಾನೆ, ಹೋಗು!" ನನ್ನ ದನಿ ಎಷ್ಟು ಏರಿತ್ತೆಂದರೆ ಮುಂದಿನ ಸಾಲಿನವರು ಆಟ ಬಿಟ್ಟು ನಮ್ಮನ್ನು ನೋಡಿದರು.

ಅವಳು ಹೋದಳು. ಮೆಟ್ಟಿಲು ಇಳಿಯುವ ಚಪ್ಪಲಿ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಇಷ್ಟಾದ ಮೇಲೂ ಹೋದಳಲ್ಲ ಅಂತ ಮೈ ಉರಿಯಿತು. ನಾಳೆಯಿಂದ ಇವಳ ಜೊತೆ ಒಂದೇ ಮೇಜಿನಲ್ಲಿ ಕೆಲಸ ಹೇಗೆ ಮಾಡುವುದು ಅಂತ ಯೋಚನೆ ಬಂತು.

ಸ್ವಲ್ಪ ಹೊತ್ತಾಗಿರಬಹುದು. ಪಕ್ಕದಲ್ಲಿ ಯಾರೋ ಧಪ್ಪನೆ ಕೂತರು.

"ಬಸ್ಸು ಬಂದಿಲ್ಲ" ಅಂದಳು ಅಕ್ಕ.

ಬಸ್‌ಸ್ಟಾಪಿಗೆ ಹೋಗಿ ಬರುವಷ್ಟು ಹೊತ್ತು ಆಗಿರಲಿಲ್ಲ. ಅವಳು ಎರಡೂ ಕಣ್ಣು ಮುಚ್ಚಿ, ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು.

"ಏನಾಗ್ತಿದೆ ಹೇಳೋ."

"ಕಣ್ಣು ಬಿಟ್ಟು ನೋಡು."

"ಹೇಳೋ ಅಂದ್ರೆ!"

"ನೋಡೇ ಅಂದ್ರೆ!"

ಕಣ್ಣು ಬಿಟ್ಟಳು. ಆಮೇಲಿನದನ್ನು ನೋಡಿದ್ದಕ್ಕಿಂತ ಅವಳ ಬಾಯಲ್ಲಿ ಕೇಳಿದ್ದೇ ನನಗೆ ಹೆಚ್ಚು. ಅಯ್ಯೋ ಬಿಟ್ಲು, ಹಿಡಿಯೇ, ಎಡಗಡೆ ಕಣೇ, ರೆಫರಿಗೆ ಗಡಿಯಾರ ಇಲ್ವಾ, ಊದೋ ಮಾರಾಯ, ಸತ್ತೆ ನಾನು. ಕೊನೆಗೆ ಹೊಳೆಯಾಚೆಯವರಿಗೆ ಮೂಲೆಯಿಂದ ಒದೆಯುವ ಒಂದು ಕಾರ್ನರ್ ಸಿಕ್ಕಿತು. ಚೆಂಡು ಎಲ್ಲರ ತಲೆ ದಾಟಿ ಗೋಲಿನ ಬಾಯಿಗೇ ಬಂದು ಬಿತ್ತು. ಕೀಪರ್ ಎಲ್ಲೋ ಮಲಗಿದ್ದಳು. ಪುಟ್ಟಿ ಆ ಕೆಟ್ಟ ಕಾಲನ್ನೇ ಚಾಚಿ, ಜಾರಿಕೊಂಡು ಬಂದು, ಚೆಂಡನ್ನು ಬೇಲಿಯಾಚೆಗೆ ಒದ್ದಳು. ಬಿದ್ದವಳು ತಕ್ಷಣ ಏಳಲಿಲ್ಲ. ಪುಟ್ಟಿ ನೆಲಕ್ಕೆ ಕೈಯೂರಿ ಎದ್ದಳು, ರೆಫರಿ ಸೀಟಿ ಊದಿದ.

"ಮುಗೀತಾ?"

"ಮುಗೀತು."

"ನಿಜವಾಗ್ಲೂ? ಇನ್ನು ಹಾಕಕ್ಕಾಗಲ್ವಾ?"

"ಆಗಲ್ಲ ಅಕ್ಕ. ಗೆದ್ವಿ."

ಸುತ್ತಲೂ ಜನ ಕುಣಿಯುತ್ತಿದ್ದರು. ಅಕ್ಕ ಎದ್ದು ನಿಂತು, ಮದುವೆಮನೆಗೆ ತಪ್ಪಿ ಬಂದವರ ಹಾಗೆ ಅತ್ತಿತ್ತ ನೋಡಿದಳು. "ಈಗ ಏನ್ ಮಾಡ್ಬೇಕೋ?" ಅಂತ ನನ್ನನ್ನು ಕೇಳಿದಳು. ತಮಾಷೆಗಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಚಪ್ಪಾಳೆ ತಟ್ಟು" ಅಂದೆ.

ತಟ್ಟಿದಳು. ಆಗಲೇ ಪುಟ್ಟಿ ಗೆಳತಿಯರ ಗುಂಪಿನಿಂದ ಬಿಡಿಸಿಕೊಂಡು ನಮ್ಮ ಕಡೆ ತಿರುಗಿದಳು. ಕಂಬದ ಪಕ್ಕ ಅಮ್ಮ ನಿಂತಿದ್ದಾಳೆ. ಹುಡುಗಿಯ ಮುಖದ ಮೇಲಿನ ನಗು ಆರಿಹೋಯಿತು. ತಟ್ಟನೆ ಹಿಂದಕ್ಕೆ ತಿರುಗಿ ಗೋಲು ತೋರಿಸುವ ಬೋರ್ಡಿನ ಕಡೆ ನೋಡಿದಳು, ನಾವು ಸೋತೆವಾ ಅಂತ.

ನನಗೆ ಅರ್ಥವಾಯಿತು. ಅಕ್ಕನಿಗೂ ಆಯಿತು, ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಆಮೇಲೆ ಚೀಲ, ಚಪ್ಪಲಿ ಎಲ್ಲ ಅಲ್ಲಲ್ಲೇ ಬಿಟ್ಟು, ಜನರನ್ನು ತಳ್ಳಿಕೊಂಡು ಬೇಲಿಯ ತನಕ ಓಡಿದಳು.

"ಅಲ್ಲೇನ್ ನೋಡ್ತೀಯೇ? ಗೆದ್ದಿದೀಯ ಕಣೇ, ಗೆದ್ದಿದೀಯ! ನಾನು ನೋಡ್ದೆ! ಇಲ್ಲೇ ಕೂತು ನೋಡ್ದೆ! ಬೋರ್ಡ್ ಬಿಡು, ನನ್ನ ನೋಡೇ!"